ಮೊದಲು ನೂಲು, ಆಮೇಲೆ ಕಡ್ಡಿ

ಹೆಣಿಗೆ ಕಲಿಯಬೇಕು ಅಂತ ನನ್ನ ಹತ್ತಿರ ಬರುವವರು ಮೊದಲು ಕೇಳುವುದು, "ಯಾವ ನಂಬರ್ ಕಡ್ಡಿ ತಗೊಳ್ಳಲಿ?" ಅಂತ. ನಾನು ತಿರುಗಿ ಕೇಳುತ್ತೇನೆ: ಏನು ಹೆಣೆಯುತ್ತೀರಿ? ಯಾರಿಗೆ? ಅದನ್ನು ಒಗೆಯುವವರು ಯಾರು? ಈ ಮೂರಕ್ಕೂ ಉತ್ತರ ಸಿಕ್ಕರೆ ಯಾವ ನೂಲು ಬೇಕು ಅಂತ ಗೊತ್ತಾಗುತ್ತದೆ. ನೂಲು ಗೊತ್ತಾದರೆ ಕಡ್ಡಿಯ ಪ್ರಶ್ನೆ ಅರ್ಧಕ್ಕರ್ಧ ಮುಗಿಯಿತು. ಉಳಿದರ್ಧ ನಿಮ್ಮ ಕೈಗೆ ಬಿಟ್ಟಿದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಒಗೆಯುವವರ ಮಾತು ಯಾಕೆ ಅಂದರೆ, ಕೈಯಲ್ಲಿ ಹೆಣೆದ ಬಟ್ಟೆ ಹಾಳಾಗುವುದು ತೊಟ್ಟಾಗ ಅಲ್ಲ, ಒಗೆದಾಗ. ಹಸುಗೂಸಿಗೆ ಹೆಣೆದ ಅಂಗಿಯನ್ನು ದಿನಾ ಒಗೆಯಬೇಕು. ನಿದ್ದೆಗೆಟ್ಟ ತಾಯಿ ಅದನ್ನು ಬೇರೆ ಬಕೆಟ್ಟಿಗೆ ಹಾಕಿ, ತಣ್ಣೀರಲ್ಲಿ ಮೆತ್ತಗೆ ಹಿಂಡಿ ಒಣಗಿಸುತ್ತಾಳೆ ಅಂತ ಎಣಿಸಬೇಡಿ. ಎಲ್ಲ ಬಟ್ಟೆಯ ಜೊತೆ ಮಷೀನಿಗೇ ಹೋಗುತ್ತದೆ. ಹಾಗೆ ಹೋದರೂ ತಡೆಯುವ ನೂಲನ್ನೇ ಆರಿಸಬೇಕು.

ಯಾವ ನೂಲು

ಉಲ್ಲನ್ ಅಂತ ಕೇಳಿದರೆ ಕೈಗೆ ಸಿಗುವುದರಲ್ಲಿ ಅಕ್ರಿಲಿಕ್ಕೇ, ಅಂದರೆ ಕೃತಕ ನೂಲೇ ಜಾಸ್ತಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಲೇಬಲ್ ಓದಿ ತಗೊಳ್ಳಿ, ಉಣ್ಣೆ, ಅಕ್ರಿಲಿಕ್ ಎರಡರ ಸ್ವಭಾವ ಬೇರೆ ಬೇರೆ.

ಕುರಿಯ ಉಣ್ಣೆಯ ಎಳೆ ನೇರ ಇರುವುದಿಲ್ಲ, ಸಣ್ಣ ಸಣ್ಣ ಅಲೆಯಾಗಿ ಮುದುಡಿಕೊಂಡಿರುತ್ತದೆ. ಎಳೆದರೆ ಬರುತ್ತದೆ, ಬಿಟ್ಟರೆ ವಾಪಸ್ಸು ಹೋಗುತ್ತದೆ. ಕಲಿಯುವವರಿಗೆ ಉಣ್ಣೆ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ಒಂದು ಕುಣಿಕೆ ಬಿಗಿ, ಪಕ್ಕದ್ದು ಸಡಿಲ ಆಗಿದ್ದರೂ, ನೀರಲ್ಲಿ ನೆನೆಸಿ ಹರವಿ ಒಣಗಿಸಿದಾಗ ಎರಡೂ ಹೊಂದಿಕೊಳ್ಳುತ್ತವೆ. ತನ್ನ ತೂಕದ ಸುಮಾರು 30 ಶೇಕಡದಷ್ಟು ತೇವ ಹೀರಿಕೊಂಡರೂ ಉಣ್ಣೆ ಮೈಗೆ ಒದ್ದೆ ಅನ್ನಿಸುವುದಿಲ್ಲ. ಚಳಿಗೆ ಇದಕ್ಕಿಂತ ಒಳ್ಳೆಯ ನೂಲನ್ನು ನಾನು ಕಂಡಿಲ್ಲ.

ಅದರ ಕಷ್ಟ ಇರುವುದು ಒಗೆಯುವುದರಲ್ಲಿ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತದೆ. ಕುಗ್ಗಿದ ಮೇಲೆ ಹಿಗ್ಗಿಸಲು ಆಗುವುದಿಲ್ಲ. ಲೇಬಲ್ಲಿನಲ್ಲಿ 'ಸೂಪರ್‌ವಾಶ್' ಅಂತ ಇದ್ದರೆ ಆ ಹುರುಪೆಗಳನ್ನು ಸವೆಸಿ ಅಥವಾ ಮೇಲೊಂದು ತೆಳು ಲೇಪ ಕೊಟ್ಟು ಅಡಗಿಸಿರುತ್ತಾರೆ, ಮಷೀನಿಗೆ ಹಾಕಬಹುದು. ಆದರೆ ಸೂಪರ್‌ವಾಶ್ ನೂಲು ಒದ್ದೆಯಾದಾಗ ಉದ್ದಕ್ಕೆ ಇಳಿಯುತ್ತದೆ. ಸ್ವೆಟರ್ ಹೆಣೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಮೈಗೆ ಚುಚ್ಚುತ್ತದಾ ಅಂತ ಬೆರಳಲ್ಲಿ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಬೆರಳಿನ ಚರ್ಮ ದಪ್ಪ. ಉಂಡೆಯನ್ನು ಕುತ್ತಿಗೆಗೆ, ಕಿವಿಯ ಕೆಳಗೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಅಲ್ಲಿ ಕಡಿತ ಬರದಿದ್ದರೆ ಟೋಪಿಗೂ ಆಯಿತು, ಮಫ್ಲರಿಗೂ ಆಯಿತು. ಮೆರಿನೊ ಅನ್ನುವ ತಳಿಯ ಕುರಿಯ ಉಣ್ಣೆಯ ಎಳೆ ತುಂಬ ಸಣ್ಣ, ಹಾಗಾಗಿ ಚುಚ್ಚುವುದು ಕಡಿಮೆ. ಆದರೆ ಅಷ್ಟೇ ಬೇಗ ಗುಂಜು ಏಳುತ್ತದೆ. ಕಾಲುಚೀಲಕ್ಕೆ ಬರೀ ಮೆರಿನೊ ಬೇಡವೇ ಬೇಡ. ಹಿಮ್ಮಡಿ ಸವೆದು ಹೋಗುತ್ತದೆ. 75 ಭಾಗ ಉಣ್ಣೆ, 25 ಭಾಗ ನೈಲಾನ್ ಸೇರಿಸಿದ ನೂಲು ಅದಕ್ಕಂತಲೇ ಸಿಗುತ್ತದೆ, ಅದನ್ನೇ ತಗೊಳ್ಳಿ.

ಅಕ್ರಿಲಿಕ್ ಹಗುರ, ಕುಗ್ಗುವುದಿಲ್ಲ, ನುಸಿ ತಿನ್ನುವುದಿಲ್ಲ, ಎಷ್ಟು ಸಲ ಬೇಕಾದರೂ ಒಗೆಯಬಹುದು. ಮಕ್ಕಳ ಬಟ್ಟೆಗೆ, ಹೊದಿಕೆಗೆ ನಾನೇ ಅದನ್ನು ಹೇಳುತ್ತೇನೆ. ಒಂದೇ ಎಚ್ಚರಿಕೆ: ಅದರ ಮೇಲೆ ಬಿಸಿ ಇಸ್ತ್ರಿ ಇಡಬೇಡಿ. ಎಳೆ ಮೆತ್ತಗಾಗಿ, ಚಪ್ಪಟೆಯಾಗಿ, ಪುಟಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ, ಮತ್ತೆ ಬರುವುದಿಲ್ಲ.

ಹತ್ತಿಯ ನೂಲು ತಂಪು, ಮೈಗೆ ಹಿತ. ಆದರೆ ಅದಕ್ಕೆ ಎಳೆತ ಇಲ್ಲ, ತೂಕ ಜಾಸ್ತಿ. ಉದ್ದ ತೋಳಿನ ಸ್ವೆಟರನ್ನು ಬರೀ ಹತ್ತಿಯಲ್ಲಿ ಹೆಣೆದರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಮಗುವಿನ ತೋಳಿಲ್ಲದ ಅಂಗಿ, ಮುಖ ಒರೆಸುವ ಬಟ್ಟೆ, ಚೀಲ, ಇವುಗಳಿಗೆ ಹತ್ತಿ ಸರಿ. ಎಳೆತ ಇಲ್ಲದ್ದರಿಂದ ಬೆರಳೂ ಬೇಗ ದಣಿಯುತ್ತದೆ, ಮೊದಲ ಕೆಲಸಕ್ಕೆ ಬೇಡ. ಅಲ್ಪಾಕಾ (ದಕ್ಷಿಣ ಅಮೆರಿಕದ ಒಂದು ಪ್ರಾಣಿಯ ಉಣ್ಣೆ) ಬೆಚ್ಚಗೆ, ನುಣುಪು, ಆದರೆ ಅದೂ ಇಳಿಯುತ್ತದೆ, ಶಾಲಿಗೆ ಚೆಂದ. ಮೊಹೇರ್, ಅಂದರೆ ಅಂಗೋರಾ ಮೇಕೆಯ ಕೂದಲಿನ ನೂಲು, ನೋಡಲು ಮೋಡದ ಹಾಗೆ ಇರುತ್ತದೆ, ಬಿಚ್ಚಲು ಹೋದರೆ ಜೀವ ಹೋಗುತ್ತದೆ. ಅದರ ಕೂದಲೆಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಿಡುತ್ತವೆ. ಕಲಿಯುವಾಗ ಬಿಚ್ಚುವುದು ಇದ್ದೇ ಇರುತ್ತದೆ ಅಲ್ವಾ, ಹಾಗಾಗಿ ಮೊಹೇರ್ ಆಮೇಲೆ.

ಮನೆಯಲ್ಲಿ ಲೇಬಲ್ ಇಲ್ಲದ ಹಳೆಯ ಉಂಡೆ ಇದ್ದರೆ ಒಂದು ಗೇಣು ತುಂಡು ಮಾಡಿ, ಸ್ಟೀಲ್ ತಟ್ಟೆಯ ಮೇಲೆ ಚಿಮ್ಮಟದಲ್ಲಿ ಹಿಡಿದು ಉರಿ ತಾಗಿಸಿ. ಪಕ್ಕದಲ್ಲಿ ನೀರು ಇರಲಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉರಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಅಕ್ರಿಲಿಕ್ ಕರಗುತ್ತಾ ಉರಿದು ಕೊನೆಗೆ ಕರಿ ಮಣಿಯಂತೆ ಗಟ್ಟಿಯಾಗುತ್ತದೆ. ಪೂರ್ತಿ ತಣಿಯುವ ತನಕ ಅದನ್ನು ಮುಟ್ಟಬೇಡಿ.

ದಪ್ಪ ಮತ್ತು ಹುರಿ

ನೂಲಿನ ದಪ್ಪಕ್ಕೆ ಹೆಸರುಗಳು ಹಲವು, ಸಣ್ಣದರಿಂದ ದಪ್ಪಕ್ಕೆ: ಲೇಸ್, ಫಿಂಗರಿಂಗ್, ಸ್ಪೋರ್ಟ್, ಡಿಕೆ (ಡಬಲ್ ನಿಟಿಂಗ್), ವರ್ಸ್ಟೆಡ್, ಬಲ್ಕಿ. ಅಮೆರಿಕದ ಲೇಬಲ್ಲುಗಳಲ್ಲಿ ಇದೇ ದಪ್ಪಗಳು 0ಯಿಂದ 7ರ ತನಕ ನಂಬರುಗಳಾಗಿ ಬರುತ್ತವೆ. ಇನ್ನು ಕೆಲವು ಕಡೆ 4 ಪ್ಲೈ, 8 ಪ್ಲೈ ಅಂತ ಬರೆಯುತ್ತಾರೆ, ಪ್ಲೈ ಅಂದರೆ ಎಳೆ. 8 ಪ್ಲೈ ಅಂದರೆ ಡಿಕೆಯ ದಪ್ಪ ಅಂತ ಲೆಕ್ಕ. ಬಿಚ್ಚಿ ನೋಡಿದರೆ ಒಳಗೆ ಎಂಟು ಎಳೆ ಇರಲೇಬೇಕು ಅಂತಿಲ್ಲ.

ಈ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡುವುದು ಬೇಡ. ನಾನು ಲೇಬಲ್ಲಿನಲ್ಲಿ ಮೊದಲು ನೋಡುವುದು 100 ಗ್ರಾಮಿಗೆ ಎಷ್ಟು ಮೀಟರ್ ಅಂತ. ಸುಮಾರು 400 ಮೀಟರ್ ಇದ್ದರೆ ಅದು ಕಾಲುಚೀಲದ ನೂಲು, 2.25ರಿಂದ 3.25 ಮಿ.ಮೀ. ಕಡ್ಡಿಗೆ. 200ರಿಂದ 250 ಮೀಟರ್ ಇದ್ದರೆ ಡಿಕೆ, 4 ಮಿ.ಮೀ. ಆಸುಪಾಸು. 200ಕ್ಕಿಂತ ಸ್ವಲ್ಪ ಕೆಳಗೆ ಬಂದರೆ 5 ಮಿ.ಮೀ. ಕಡೆಗೆ ಹೋಗಬೇಕು. 100 ಮೀಟರೇ ಇದ್ದರೆ ತುಂಬ ದಪ್ಪ, 8 ಮಿ.ಮೀ.ಗೂ ಮೇಲಿನ ಕಡ್ಡಿ ಬೇಕಾಗುತ್ತದೆ. ಹತ್ತಿ ತೂಕದ ನೂಲಾದ್ದರಿಂದ ಅದರ ಮೀಟರ್ ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟು ಹೆಚ್ಚುಕಮ್ಮಿ ಇಟ್ಟುಕೊಳ್ಳಿ. ಲೇಬಲ್ ಕಳೆದಿದ್ದರೆ ಗೊತ್ತಿರುವ ನೂಲನ್ನೂ ಗೊತ್ತಿಲ್ಲದ ನೂಲನ್ನೂ ಒಂದೇ ಪೆನ್ಸಿಲಿಗೆ, ಎಳೆಯದೆ, ಪಕ್ಕಪಕ್ಕದಲ್ಲಿ ಒಂದೊಂದು ಅಂಗುಲ ಸುತ್ತಿ ಎಣಿಸಿ. ಸುತ್ತು ಸಮ ಬಂದರೆ ದಪ್ಪವೂ ಸಮ.

ಹೊಸಬರಿಗೆ ಡಿಕೆ ಅಥವಾ ಅದಕ್ಕಿಂತ ಒಂದು ಕೈ ದಪ್ಪದ್ದು ಸಾಕು. ಬೇಗ ಮುಗಿಯುತ್ತದೆ ಅಂತ ತುಂಬ ದಪ್ಪ ನೂಲು ಆರಿಸುವವರಿದ್ದಾರೆ. ಬೇಗ ಮುಗಿಯುವುದು ನಿಜ, ಆದರೆ ದಪ್ಪ ಕಡ್ಡಿ ಹಿಡಿದು ತಿರುಗಿಸಲು ಮಣಿಕಟ್ಟಿಗೆ ಶ್ರಮ, ಕೈಗೆ ಹದ ಸಿಗುವುದಿಲ್ಲ.

ಇನ್ನು ಹುರಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ನನಗಂತೂ ಇದೇ ಮುಖ್ಯ. ಉಂಡೆಯ ತುದಿಯನ್ನು ಎರಡು ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ, ಎರಡಂಗುಲ ಅಂತರ ಬಿಟ್ಟು ಹಿಡಿಯಿರಿ. ಹುರಿಗೆ ಎದುರು ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಎಳೆಗಳು ತೆರೆದುಕೊಳ್ಳುತ್ತವೆ. ಎಷ್ಟಿವೆ ಎಣಿಸಿ. ಮೂರೋ ನಾಲ್ಕೋ ಎಳೆ ಒಂದಕ್ಕೊಂದು ಬಿಗಿಯಾಗಿ ಸುತ್ತಿಕೊಂಡಿದ್ದು, ಕೈ ಬಿಟ್ಟ ಕೂಡಲೇ ಮತ್ತೆ ಸುತ್ತಿಕೊಂಡರೆ ಆ ನೂಲು ದುಂಡಗಿರುತ್ತದೆ. ಪ್ರತಿ ಕುಣಿಕೆಯೂ ಬಿಡಿಯಾಗಿ ಕಾಣುತ್ತದೆ, ಬೇಗ ಸವೆಯುವುದಿಲ್ಲ. ಒಂದೇ ದಪ್ಪ ಎಳೆಗೆ ಹಗುರವಾಗಿ ಹುರಿ ಕೊಟ್ಟದ್ದಾದರೆ ಬೆರಳಲ್ಲೇ ಬಿಚ್ಚಿ ಪುರುಪುರು ಆಗುತ್ತದೆ. ಮುಟ್ಟಲು ಮೆತ್ತಗಿರುತ್ತದೆ, ಗುಂಜು ಬೇಗ ಕಟ್ಟುತ್ತದೆ. ಇನ್ನೊಂದು ಜಾತಿ ಇದೆ: ಎಂಟು ಹತ್ತು ಸಣ್ಣ ನುಣುಪು ಎಳೆಗಳು ಸಡಿಲವಾಗಿ ಜೊತೆಗಿರುತ್ತವೆ. ಹೆಣೆಯುವಾಗ ಕಡ್ಡಿಯ ತುದಿ ಕುಣಿಕೆಯೊಳಗೆ ಹೋಗುವ ಬದಲು ನೂಲಿನ ನಡುವೆಯೇ ತೂರುತ್ತದೆ. ಎರಡು ಎಳೆ ಆಚೆ ಉಳಿಯುತ್ತದೆ. ಆಗ ಗೊತ್ತಾಗುವುದಿಲ್ಲ, ನಾಲ್ಕು ಸಾಲು ಆದಮೇಲೆ ನೋಡಿದರೆ ಮುಂದುಗಡೆ ಒಂದು ಎಳೆ ಜೋತಾಡುತ್ತಿರುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು. ಮೊದಲ ಕೆಲಸಕ್ಕೆ ತಿಳಿ ಬಣ್ಣ, ಒಂದೇ ಬಣ್ಣ. ಕಪ್ಪು, ಕಡು ನೀಲಿಯಲ್ಲಿ ರಾತ್ರಿ ದೀಪದ ಬೆಳಕಿಗೆ ಕುಣಿಕೆ ಕಾಣುವುದೇ ಇಲ್ಲ.

ಕಡ್ಡಿ ಯಾವುದರದ್ದು

ಕಡ್ಡಿ ಬಿದಿರಿನದೋ, ಮರದ್ದೋ, ಅಲ್ಯೂಮಿನಿಯಂ, ಸ್ಟೀಲ್, ಪ್ಲಾಸ್ಟಿಕ್ಕಿನದೋ ಅನ್ನುವುದು ಸುಮ್ನೆ ಚೆಂದದ ಪ್ರಶ್ನೆ ಅಲ್ಲ. ಒಂದೊಂದರ ಮೇಲೆ ನೂಲು ಒಂದೊಂದು ಥರ ಜಾರುತ್ತದೆ. ಲೋಹದ ಮೇಲೆ ಸರ್ರನೆ, ಬಿದಿರಿನ ಮೇಲೆ ನಿಧಾನ, ಪ್ಲಾಸ್ಟಿಕ್ಕಿನದು ನಡುವೆ ಎಲ್ಲೋ. ನಾನು ಹಿಡಿದಿರುವ ನಿಯಮ ಇಷ್ಟೇ: ಜಾರುವ ನೂಲಿಗೆ ಹಿಡಿಯುವ ಕಡ್ಡಿ, ಹಿಡಿಯುವ ನೂಲಿಗೆ ಜಾರುವ ಕಡ್ಡಿ. ರೇಷ್ಮೆ, ಬಿದಿರು ನಾರಿನ ನೂಲು, ನುಣುಪಾದ ಮಿಶ್ರ ನೂಲು ಇವುಗಳಿಗೆ ಬಿದಿರಿನ ಕಡ್ಡಿ. ಒರಟು ಉಣ್ಣೆಗೆ, ಕಿರಿಕಿರಿ ಮಾಡುವ ಕೆಲವು ಅಕ್ರಿಲಿಕ್‌ಗಳಿಗೆ ಲೋಹ.

ಇದರ ಜೊತೆಗೆ ನಿಮ್ಮ ಕೈ ಯಾವ ಥರದ್ದು ಅಂತ ನೋಡಬೇಕು. ನನ್ನ ಅತ್ತೆಯವರ ಕೈ ಬಿಗಿ. ಅವರು ಹೆಣೆದ ಸಾಲಿನಲ್ಲಿ ಎರಡನೇ ಕಡ್ಡಿ ತೂರಿಸಲು ಒತ್ತಬೇಕು. ಅಂಥವರಿಗೆ ಬಿದಿರು ಕೊಟ್ಟರೆ ಕೆಲಸ ಮುಂದೆ ಸರಿಯುವುದಿಲ್ಲ, ಲೋಹವೇ ಬೇಕು. ನನ್ನ ಕೈ ಸಡಿಲ. ಲೋಹದ ಕಡ್ಡಿ ಹಿಡಿದರೆ ತುದಿಯ ಕುಣಿಕೆಗಳು ಸರಿದು ಬೀಳುತ್ತವೆ ಅನ್ನುವ ದಿಗಿಲಿಗೇ ಬೆರಳು ಬಿಗಿಯಾಗುತ್ತದೆ. ಹಾಗಾಗಿ ನನ್ನ ಡಬ್ಬದಲ್ಲಿ ಬಿದಿರಿನವೇ ಜಾಸ್ತಿ. ಹೊಸಬರಿಗೂ ಬಿದಿರೇ ಸರಿ ಅಂತ ನನ್ನ ಅಭಿಪ್ರಾಯ. ಕುಣಿಕೆ ಜಾರಿ ಬೀಳುವುದು ಕಡಿಮೆ. ಆದರೆ ಸಣ್ಣ ಅಳತೆಯಲ್ಲಿ, 2.5 ಮಿ.ಮೀ.ಗಿಂತ ಕೆಳಗೆ, ಬಿದಿರು ಬಾಗುತ್ತದೆ, ಮುರಿಯಲೂಬಹುದು. ಅಲ್ಲಿ ಸ್ಟೀಲ್ ಒಳ್ಳೆಯದು. ಬೆರಳ ಗಂಟು ನೋಯುವವರಿಗೆ ಮರ, ಬಿದಿರು ಹಿತ. ಹಗುರ, ತಣ್ಣಗೆ ಕೊರೆಯುವುದೂ ಇಲ್ಲ.

ತುದಿಯನ್ನೂ ನೋಡಿ. ಲೇಸ್ ಹೆಣಿಗೆಯಲ್ಲಿ ಎರಡು ಮೂರು ಕುಣಿಕೆಗಳನ್ನು ಒಟ್ಟಿಗೆ ಎತ್ತಬೇಕು, ಅದಕ್ಕೆ ಚೂಪು ತುದಿ. ನಾನು ಮೇಲೆ ಹೇಳಿದ ಸಡಿಲ ಎಳೆಯ ನೂಲಿಗೆ ಚೂಪು ತುದಿ ಶತ್ರು, ಸ್ವಲ್ಪ ಮೊಂಡಾದದ್ದೇ ವಾಸಿ. ಬಿದಿರಿನ ಕಡ್ಡಿಯ ತುದಿಯನ್ನು ಹಳೆಯ ನೈಲಾನ್ ಬಟ್ಟೆಗೆ ತಾಗಿಸಿ ಎಳೆಯಿರಿ. ಸಿಬಿರು ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ನೇರ ಕಡ್ಡಿಯೋ, ಸರ್ಕ್ಯುಲರ್ ಕಡ್ಡಿಯೋ

ಹೆಣಿಗೆ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ತಲೆಗೆ ಗುಂಡಿ ಇರುವ ಎರಡು ಉದ್ದ ಕಡ್ಡಿ. ಮಫ್ಲರ್, ಸಣ್ಣ ತುಂಡುಗಳಿಗೆ ಅವು ಸಾಕು. ಆದರೆ ಒಂದೇ ಜೊತೆ ತಗೊಳ್ಳುವುದಾದರೆ ಸರ್ಕ್ಯುಲರ್ ತಗೊಳ್ಳಿ ಅಂತ ನಾನು ಒತ್ತಿ ಹೇಳುತ್ತೇನೆ. ಎರಡು ಗಿಡ್ಡ ಕಡ್ಡಿಗಳ ನಡುವೆ ಬಳುಕುವ ಕೇಬಲ್ ಇರುತ್ತದೆ ಅಷ್ಟೇ. ಅದರಲ್ಲಿ ದುಂಡಗೂ ಹೆಣೆಯಬಹುದು, ಸಾಲಿನ ಕೊನೆಯಲ್ಲಿ ತಿರುಗಿಸಿಕೊಂಡು ಸಪಾಟಾಗಿಯೂ ಹೆಣೆಯಬಹುದು. ಸ್ವೆಟರಿನ ಭಾರ ಮಣಿಕಟ್ಟಿನ ಬದಲು ಮಡಿಲಿಗೆ ಬೀಳುತ್ತದೆ. ಒಂಟಿ ಕಡ್ಡಿ ಕಳೆದುಹೋಗುವ ಚಿಂತೆಯೂ ಇಲ್ಲ.

ದುಂಡಗೆ ಹೆಣೆಯುವಾಗ ಕಡ್ಡಿಯ ಒಟ್ಟು ಉದ್ದ ನೀವು ಹೆಣೆಯುವ ಬಟ್ಟೆಯ ಸುತ್ತಳತೆಗಿಂತ ಕಡಿಮೆ ಇರಬೇಕು. ದೊಡ್ಡವರ ಟೋಪಿಗೆ 40 ಸೆಂ.ಮೀ., ಸ್ವೆಟರಿನ ಮೈಗೆ 80 ಸೆಂ.ಮೀ. ಟೋಪಿಯ ನೆತ್ತಿ, ಕಾಲುಚೀಲ, ತೋಳಿನ ತುದಿಯಂಥ ಸಣ್ಣ ಸುತ್ತಿಗೆ ಎರಡೂ ತುದಿ ಚೂಪಾಗಿರುವ ಗಿಡ್ಡ ಕಡ್ಡಿಗಳ ಸೆಟ್ ಬರುತ್ತದೆ. ಅದರ ಬದಲು 80ರಿಂದ 100 ಸೆಂ.ಮೀ.ನ ಸರ್ಕ್ಯುಲರಿನ ಕೇಬಲ್ಲನ್ನು ನಡುವೆ ಹೊರಗೆಳೆದುಕೊಂಡು ಹೆಣೆಯುವ ಮ್ಯಾಜಿಕ್ ಲೂಪ್ ಅನ್ನುವ ವಿಧಾನವೂ ಇದೆ.

ಕೊಳ್ಳುವ ಮುಂಚೆ ಕಡ್ಡಿಯೂ ಕೇಬಲ್ಲೂ ಸೇರುವ ಜಾಗದ ಮೇಲೆ ಉಗುರು ಓಡಿಸಿ ನೋಡಿ. ಉಗುರು ತಡೆದರೆ ನೂಲೂ ತಡೆಯುತ್ತದೆ, ಪ್ರತಿ ಸಾಲಿನಲ್ಲೂ ಅಲ್ಲಿ ಬಂದು ನಿಂತು ತಳ್ಳಬೇಕಾಗುತ್ತದೆ. ಅಂಥದ್ದು ಎಷ್ಟೇ ಅಗ್ಗ ಆದರೂ ಬೇಡ. ಕೇಬಲ್ ಸುರುಳಿ ಬಿಡದಿದ್ದರೆ ಅದನ್ನು ಮಾತ್ರ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ನೇರ ಎಳೆದು ಹಿಡಿದರೆ ಸರಿಹೋಗುತ್ತದೆ.

ನಂಬರಿನ ಗೊಂದಲ

ಹಳೆಯ ಬ್ರಿಟಿಷ್ ನಂಬರಿನಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಅಮೆರಿಕದ ನಂಬರಿನಲ್ಲಿ ತದ್ವಿರುದ್ಧ. ಬ್ರಿಟಿಷ್ 8 ಅಂದರೆ 4 ಮಿ.ಮೀ., ಅಮೆರಿಕದ 8 ಅಂದರೆ 5 ಮಿ.ಮೀ. ಬ್ರಿಟಿಷ್ 10 ಅಂದರೆ 3.25, ಅಮೆರಿಕದ 10 ಅಂದರೆ 6. ಎರಡೂ ಸೇರುವುದು 7ರಲ್ಲಿ ಮಾತ್ರ, ಅದು ಎರಡರಲ್ಲೂ 4.5 ಮಿ.ಮೀ. ಅಮ್ಮ, ಅಜ್ಜಿಯಿಂದ ಬಂದ ಕಡ್ಡಿಯ ತಲೆಯ ಮೇಲೆ 8 ಅಂತ ಇದ್ದು, ನೀವು ನೋಡುತ್ತಿರುವ ಹೊಸ ನಮೂನೆಯಲ್ಲೂ (ಹೇಗೆ ಹೆಣೆಯಬೇಕು ಅಂತ ಬರೆದ ಪ್ಯಾಟರ್ನ್) 8 ಅಂತ ಇದ್ದರೆ ಹಾಗೇ ಶುರು ಮಾಡಬೇಡಿ. ಮಿ.ಮೀ. ಅಳತೆ ಹುಡುಕಿ. ತೂತುಗಳಿರುವ ಅಳತೆ ಪಟ್ಟಿ ಸಿಗುತ್ತದೆ, ಕಡ್ಡಿ ಯಾವ ತೂತಿನಲ್ಲಿ ಸಲೀಸಾಗಿ ಇಳಿಯುತ್ತದೋ ಅದೇ ಅದರ ಅಳತೆ. ಹೆಣಿಗೆ ಮಾಡುವವರ ಮನೆಯಲ್ಲಿ ಅದೊಂದು ಇರಲೇಬೇಕು.

ಮಾದರಿ ತುಂಡು

ಲೇಬಲ್ಲಿನಲ್ಲಿ ಬರೆದ ಕಡ್ಡಿಯ ಅಳತೆ ಶುರು ಮಾಡಲು ಒಂದು ಜಾಗ, ಅಷ್ಟೇ. ನಿಮ್ಮ ಕೈಗೆ ಯಾವುದು ಸರಿ ಅಂತ ಹೇಳುವುದು ಮಾದರಿ ತುಂಡು ಮಾತ್ರ. ಅತ್ತೆಯವರೂ ನಾನೂ ಒಂದೇ ಉಂಡೆಯ ಡಿಕೆಯನ್ನು, ಒಂದೇ 4 ಮಿ.ಮೀ. ಕಡ್ಡಿಯಲ್ಲಿ ಹೆಣೆದರೆ 10 ಸೆಂ.ಮೀ.ಗೆ ಅವರಿಗೆ 24 ಕುಣಿಕೆ, ನನಗೆ 20. ನಮೂನೆ ಕೇಳುವುದು 22. ಹಾಗಾಗಿ ಅವರು 4.5ಕ್ಕೆ ಏರುತ್ತಾರೆ, ನಾನು 3.5ಕ್ಕೆ ಇಳಿಯುತ್ತೇನೆ. ಕುಣಿಕೆ ಜಾಸ್ತಿ ಬಂದರೆ ದಪ್ಪ ಕಡ್ಡಿ, ಕಡಿಮೆ ಬಂದರೆ ಸಣ್ಣ ಕಡ್ಡಿ.

ಎರಡು ಕುಣಿಕೆಯಲ್ಲಿ ಏನಾಗುತ್ತದೆ ಅಂತ ಬಿಡಬೇಡಿ. 100 ಸೆಂ.ಮೀ. ಸುತ್ತಳತೆಯ ಸ್ವೆಟರಿಗೆ 22ರ ಲೆಕ್ಕದಲ್ಲಿ 220 ಕುಣಿಕೆ ಹಾಕುತ್ತೀರಿ. ನಿಮ್ಮ ಕೈಯಲ್ಲಿ 20 ಬರುತ್ತಿದ್ದರೆ ಅದೇ 220 ಕುಣಿಕೆ 110 ಸೆಂ.ಮೀ. ಆಗುತ್ತದೆ. ಹತ್ತು ಸೆಂಟಿಮೀಟರ್ ಜೋಲು!

ತುಂಡು ಅಂಗೈಯಗಲ ಇದ್ದರೆ ಸಾಲದು. 15 ಸೆಂ.ಮೀ. ಅಗಲ, ಅಷ್ಟೇ ಎತ್ತರ ಹೆಣೆಯಿರಿ. ಅಂಚಿನ ಕುಣಿಕೆಗಳು ಯಾವಾಗಲೂ ಎಳೆದಾಡಿಕೊಂಡಿರುತ್ತವೆ, ಅಳೆಯಬೇಕಾದದ್ದು ನಡುವಿನ 10 ಸೆಂ.ಮೀ. ದುಂಡಗೆ ಹೆಣೆಯುವ ಬಟ್ಟೆಯಾದರೆ ತುಂಡನ್ನೂ ದುಂಡಗೇ ಹೆಣೆಯಿರಿ, ಸೀದಾ ಸಾಲಿಗೂ ಉಲ್ಟಾ ಸಾಲಿಗೂ ಎಷ್ಟೋ ಜನರ ಕೈ ಬೇರೆ ಬೇರೆ. ಆಮೇಲೆ ಆ ಬಟ್ಟೆಯನ್ನು ಹೇಗೆ ಒಗೆಯುತ್ತೀರೋ ಹಾಗೇ ತುಂಡನ್ನೂ ಒಗೆದು, ಹರವಿ ಒಣಗಿಸಿ. ಸೂಪರ್‌ವಾಶ್, ಹತ್ತಿ, ಅಲ್ಪಾಕಾ ಇವೆಲ್ಲ ಇಲ್ಲೇ ತಮ್ಮ ಬುದ್ಧಿ ತೋರಿಸುತ್ತವೆ. ಒಣಗಿದ ಮೇಲೆ ಮೇಜಿನ ಮೇಲೆ ಎಳೆಯದೆ ಇಟ್ಟು, ಅಳತೆಪಟ್ಟಿ ಅಡ್ಡ ಇಟ್ಟು ಎರಡು ಕಡೆ ಗುಂಡುಸೂಜಿ ಚುಚ್ಚಿ. ಒಂದೊಂದು ಕುಣಿಕೆಯೂ ಸಣ್ಣ 'ವಿ' ಆಕಾರದಲ್ಲಿ ಕಾಣುತ್ತದೆ, ಗುಂಡುಸೂಜಿಗಳ ನಡುವೆ ಅವನ್ನು ಎಣಿಸಿ. ಅರ್ಧ 'ವಿ' ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಣಿಕೆ ಸರಿ ಬಂದರೂ ತುಂಡನ್ನು ಕೈಯಲ್ಲಿ ಹಿಡಿದು ನೋಡದೆ ಮುಂದೆ ಹೋಗಬೇಡಿ. ರಟ್ಟಿನ ಹಾಗೆ ಬಿಗಿ ಇದ್ದರೆ ಆ ನೂಲು ಆ ಅಳತೆಗೆ ದಪ್ಪವಾಯಿತು. ಬೆಳಕಿಗೆ ಹಿಡಿದಾಗ ಜರಡಿಯಂತೆ ಕಂಡರೆ ತೆಳುವಾಯಿತು. ಆಗ ಕಡ್ಡಿ ಬದಲಿಸಿ ಪ್ರಯೋಜನ ಇಲ್ಲ, ನೂಲನ್ನೇ ಬದಲಿಸಬೇಕು. ಮಫ್ಲರ್, ಹೊದಿಕೆಗೆ ಇಷ್ಟೆಲ್ಲ ಲೆಕ್ಕ ಬೇಕಿಲ್ಲ, ಮೈಗೆ ಕೂರಬೇಕಾದ ಬಟ್ಟೆಗೆ ಮಾತ್ರ.

ಎಷ್ಟು ನೂಲು

ನೂಲನ್ನು ಗ್ರಾಮಿನಲ್ಲಿ ಲೆಕ್ಕ ಹಾಕಬೇಡಿ, ಮೀಟರಿನಲ್ಲಿ ಹಾಕಿ. ನಮೂನೆಗೆ 1200 ಮೀಟರ್ ಬೇಕು ಅಂದುಕೊಳ್ಳಿ. 50 ಗ್ರಾಮಿಗೆ 120 ಮೀಟರ್ ಬರುವ ನೂಲಾದರೆ 10 ಉಂಡೆ. 95 ಮೀಟರ್ ಬರುವುದಾದರೆ 13. ಮೇಲೊಂದು ಉಂಡೆ ಹೆಚ್ಚಿಗೆ ಇರಲಿ, ಮಾದರಿ ತುಂಡಿಗೂ ನೂಲು ಬೇಕಲ್ಲ. ಉಂಡೆಯ ಬದಲು ತಿರುಚಿದ ಲಡಿಯಾಗಿ ಬಂದ ನೂಲನ್ನು ಮೊದಲು ಉಂಡೆ ಸುತ್ತಿಕೊಳ್ಳಿ, ಲಡಿಯಿಂದ ನೇರ ಹೆಣೆಯಲು ಹೋದರೆ ಸಿಕ್ಕು ಬಿಡಿಸುವುದೇ ಕೆಲಸವಾಗುತ್ತದೆ.

ಲೇಬಲ್ಲಿನಲ್ಲಿ ಬಣ್ಣದ ನಂಬರಿನ ಪಕ್ಕ ಡೈ ಲಾಟ್ ನಂಬರ್, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ನೂಲಿನ ನಂಬರ್, ಇರುತ್ತದೆ. ಎಲ್ಲ ಉಂಡೆಯದ್ದೂ ಒಂದೇ ಇರಬೇಕು. ಲಾಟ್ ಬೇರೆಯಾದರೆ ಉಂಡೆಗಳನ್ನು ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಾಣದೆ ಇರಬಹುದು, ಹೆಣೆದ ಮೇಲೆ ಎದೆಯ ಅಡ್ಡಕ್ಕೆ ಗೆರೆ ಎಳೆದ ಹಾಗೆ ಕಾಣುತ್ತದೆ. ಒಂದೇ ಲಾಟ್ ಸಿಗದಿದ್ದರೆ ಹಳೆಯ ಉಂಡೆ ಪೂರ್ತಿ ಮುಗಿಯುವ ತನಕ ಕಾಯಬೇಡಿ. ಮುಗಿಯಲು ಒಂದು ಉಂಡೆ ಇರುವಾಗಲೇ ಹೊಸದನ್ನು ಸೇರಿಸಿ, ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಅಂತ ಹೆಣೆಯುತ್ತಾ ಬನ್ನಿ. ಬಣ್ಣ ಒಂದರೊಳಗೊಂದು ಸೇರಿಹೋಗುತ್ತದೆ. ಕೈಯಲ್ಲಿ ಬಣ್ಣ ಹಾಕಿದ ನೂಲಿನಲ್ಲಿ ಒಂದೇ ಲಾಟಿನ ಲಡಿಗಳೂ ಬೇರೆ ಬೇರೆ ಕಾಣುವುದುಂಟು, ಅಲ್ಲಿ ಮೊದಲ ಸಾಲಿನಿಂದಲೇ ಹೀಗೆ ಮಾಡುವುದು ಕ್ಷೇಮ.

ಕೆಲಸ ಮುಗಿದ ಮೇಲೆ ಒಂದು ಲೇಬಲ್, ಮೂರ್ನಾಲ್ಕು ಮೊಳ ನೂಲು, ಮಾದರಿ ತುಂಡು ಮೂರನ್ನೂ ಒಂದು ಕವರಿಗೆ ಹಾಕಿ, ಯಾವ ಅಳತೆಯ ಕಡ್ಡಿ ಬಳಸಿದ್ದು ಅಂತ ಬರೆದಿಡಿ. ಮೊಣಕೈ ಸವೆದು ತೂತಾದಾಗ ರಿಪೇರಿಗೆ ಅದೇ ನೂಲು ಬೇಕಾಗುತ್ತದೆ.